ಎಡಗೈಗೆ ಎಣ್ಣೆ ಬೇಡ

ಧನುಶ್ರೀ ಶಾಲೆಯಿಂದ ಗಿಟಾರ್ ಹೊತ್ತುಕೊಂಡು ಮನೆಗೆ ಬಂದಾಗ ಅತ್ತೆ ದ್ಯಾವಮ್ಮ ಮುದ್ದೆ ಕಟ್ಟುತ್ತಿದ್ದರು. ಕೈಗೆ ನೀರು ಸವರಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಹಬೆಯಾಡುವ ಹಿಟ್ಟನ್ನು ಪಾತ್ರೆಯಿಂದ ಬರಿಗೈಯಲ್ಲೇ ತೆಗೆದು ಎರಡು ಸುತ್ತು ಉರುಳಿಸಿದರೆ ಮುದ್ದೆ ದುಂಡಗೆ, ನುಣ್ಣಗೆ ತಟ್ಟೆಯಲ್ಲಿ ಕೂರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಧನುಶ್ರೀ ಅದನ್ನು ನೋಡಲಾರದೆ ಮುಖ ತಿರುಗಿಸಿದ್ದಳು. ಹದಿಮೂರು ವರ್ಷವಾಗಿತ್ತು. ಈಗ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

“ಅದೇನವ್ವ ಬೆನ್ನಿಗೆ?”

“ಗಿಟಾರ್ ಅತ್ತೆ.”

“ಯಾರ್ದು?”

“ಸ್ಕೂಲಿಂದು. ಕಲೀಬೇಕು.”

“ಯಾರು, ಮಗಳು ಪ್ರಜ್ಞಾನಾ?”

“ನಾನು.”

ದ್ಯಾವಮ್ಮ ಕೈಯಲ್ಲಿದ್ದ ಮುದ್ದೆಯನ್ನು ಹಾಗೇ ಹಿಡಿದುಕೊಂಡು ಸೊಸೆಯ ಮುಖ ನೋಡಿದರು. ಬೇರೆ ಯಾರ ಕೈಯಾಗಿದ್ದರೂ ಅಷ್ಟು ಹೊತ್ತಿಗೆ ಬೊಬ್ಬೆ ಎದ್ದಿರುತ್ತಿತ್ತು.

ಊಟಕ್ಕೆ ಕೂತಾಗ ವಿಷಯ ಹೊರಗೆ ಬಂತು. ಧನುಶ್ರೀ ತರೀಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಳು. ಈ ಸಲ ಮಕ್ಕಳು ಕಡಿಮೆಯಾಗಿ ಎರಡೆರಡು ಸೆಕ್ಷನ್‌ಗಳನ್ನು ಒಂದು ಮಾಡಿದ್ದರು. ಸಂಗೀತದ ಮೇಷ್ಟ್ರು ನಡುವೆಯೇ ಬಿಟ್ಟು ಹೋಗಿದ್ದರು. ಅವರ ಮಾತು ಕೇಳಿ ಕೊಂಡಿದ್ದ ಐದು ಗಿಟಾರ್‌ಗಳು ಲ್ಯಾಬಿನ ಬೀರುವಿನಲ್ಲಿ, ಅಸ್ಥಿಪಂಜರದ ಪಕ್ಕದಲ್ಲಿ ನಿಂತಿದ್ದವು. ಆಡಳಿತ ಮಂಡಳಿಯ ಕಾರ್ಯದರ್ಶಿ ಷಡಕ್ಷರಿಯವರು ಅವತ್ತು ಅವಳನ್ನು ಕರೆಸಿ, ಕುರ್ಚಿ ತೋರಿಸಿ, ಟೀ ತರಿಸಿ ಹೇಳಿದ್ದರು.

“ನಿಮ್ಮನ್ನ ಬಿಡೋಕೆ ನಮಗೂ ಮನಸ್ಸಿಲ್ಲ ಮೇಡಂ. ಆದ್ರೆ ಜೂನ್‌ನಿಂದ ನಿಮಗೆ ಕೊಡೋಕೆ ಪೀರಿಯಡ್ಡೇ ಇಲ್ಲ. ಗಿಟಾರ್ ಪೀರಿಯಡ್ ಇದೆ, ತಗೊಳ್ಳೋರಿಲ್ಲ. ಕಲ್ಕೊಂಡ್ಬಿಡಿ. ಬರೀ ಟಿಂಗ್ ಟಿಂಗ್ ಅಲ್ಲ, ಬಿಗಿನರ್ ದಾಟಿ ಇಂಟರ್ಮೀಡಿಯೆಟ್ ಆಗಿದ್ದಾರೆ ಅಂತ ಗೊತ್ತಿರೋರ ಹತ್ರ ಬರೆಸ್ಕೊಂಡು ಮಾರ್ಚ್ ಮೂವತ್ತೊಂದರೊಳಗೆ ತಂದ್ಕೊಡಿ. ಕಮಿಟಿಗೆ ತೋರಿಸೋಕೆ ನನಗೂ ಒಂದು ಕಾಗದ ಬೇಕಲ್ಲ.”

ಆಗ ಡಿಸೆಂಬರ್ ಮೊದಲ ವಾರ. ಧನುಶ್ರೀ ಟೀ ಕುಡಿಯುತ್ತಾ ಏನಾದರೂ ಅನ್ನಿಸಬಹುದೆಂದು ಕಾದಳು. ಏನೂ ಅನ್ನಿಸಲಿಲ್ಲ. ಷಡಕ್ಷರಿಯವರ ಜೇಬಿನಲ್ಲಿ ಮೂರು ಪೆನ್ನುಗಳಿದ್ದುದನ್ನು, ಅದರಲ್ಲಿ ಒಂದಕ್ಕೆ ಮುಚ್ಚಳವಿಲ್ಲದ್ದನ್ನು ಮಾತ್ರ ಗಮನಿಸಿದಳು.

ಮಗಳು ಪ್ರಜ್ಞಾ ಅದೇ ಶಾಲೆಯಲ್ಲಿ ಐದನೇ ತರಗತಿ. ಶಿಕ್ಷಕರ ಮಕ್ಕಳಿಗೆ ಅಲ್ಲಿ ಫೀಸಿರಲಿಲ್ಲ. ಅಮ್ಮನ ಕೆಲಸ ಹೋದರೆ ಮಗಳೂ ಅಲ್ಲಿಂದ ಹೊರಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಪ್ರಜ್ಞಾಳ ತಟ್ಟೆಯ ಕಡೆ ಒಮ್ಮೆ ನೋಡಿದರು.

“ನಲವತ್ತಕ್ಕೆ ಗಿಟಾರು,” ಅಂದ ಗಂಡ ಕೆಂಪರಾಜು. ಅವನು ಅಜ್ಜಂಪುರದ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಅಟೆಂಡರ್. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವವನು. “ನಾನೂ ಕೂದ್ಲು ಬಿಟ್ಕಂಡು ಡ್ರಮ್ ಕಲ್ತ್ರೆ ಇಬ್ರೂ ಆರ್ಕೆಸ್ಟ್ರಾಗೆ ಹೋಗ್ಬೋದು.”

“ನಿಂಗೆ ಕೂದ್ಲೆಲ್ಲೈತೋ?” ಅಂದರು ದ್ಯಾವಮ್ಮ.

ಪ್ರಜ್ಞಾ ನಕ್ಕಳು. ಕೆಂಪರಾಜು ತಲೆ ಸವರಿಕೊಂಡು ಸಾರು ಬಡಿಸಿಕೊಂಡ. ಅಲ್ಲಿಗೆ ತೀರ್ಮಾನವಾದಂತಾಯಿತು.

ಕಲಿಸುವವನನ್ನು ಹುಡುಕಿದ್ದೂ ಕೆಂಪರಾಜುವೇ. ತೀರ್ಥೇಶ್ ಅಂತ, ಕಡೂರಿನವನು. ವಾರವೆಲ್ಲ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ. ಭಾನುವಾರ ಬೆಳಿಗ್ಗೆ ಕೊಬ್ಬರಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಗಿಟಾರ್ ಕ್ಲಾಸು. ಧನುಶ್ರೀ ಏಳೂವರೆಯ ಬಸ್ಸು ಹಿಡಿದು, ಬೀರೂರಿನಲ್ಲಿ ಅದು ಜನ ತುಂಬಿಕೊಳ್ಳುವವರೆಗೆ ಕಾದು, ಗಿಟಾರನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಹೋದಳು. ಮೆಟ್ಟಿಲು ಹತ್ತುವಾಗಲೇ ಕೊಬ್ಬರಿಯ ಕಮಟು ವಾಸನೆ. ಒಳಗೆ ಎಂಟು ಮಕ್ಕಳು ಚಾಪೆಯ ಮೇಲೆ ಕೂತಿದ್ದರು.

“ಆಂಟಿ, ನೀವು ಯಾರನ್ನ ಬಿಡೋಕೆ ಬಂದಿದ್ದೀರ?” ಅಂತ ಒಂದು ಹುಡುಗಿ ಕೇಳಿದಳು.

“ನನ್ನನ್ನೇ,” ಅಂದಳು ಧನುಶ್ರೀ.

ತೀರ್ಥೇಶ್ ಮೂವತ್ತರ ಆಸುಪಾಸಿನವನು, ಮಿತಭಾಷಿ. ಶಾಲೆಯ ಗಿಟಾರನ್ನು ಎತ್ತಿ, ತಂತಿಗಳ ಮೇಲೆ ಹೆಬ್ಬೆರಳು ಎಳೆದು ಮುಖ ಕಿವುಚಿದ. ಆರೂ ತುಕ್ಕು ಹಿಡಿದಿದ್ದವು. ಬಿಚ್ಚಿ ಹೊಸ ತಂತಿ ಹಾಕಿದ. ಮೋಟಾರಿಗೆ ತಾಮ್ರ ಸುತ್ತುವ ಕೈ, ಎಲ್ಲಿ ಎಷ್ಟು ಬಿಗಿ ಅನ್ನುವುದು ಅದಕ್ಕೇ ಗೊತ್ತಿದ್ದಂತೆ ತಿರುಗುತ್ತಿತ್ತು. ಆಮೇಲೆ ಅವಳ ಎಡಗೈಯ ಎರಡು ಬೆರಳನ್ನು ಗಿಟಾರಿನ ಕತ್ತಿನ ಮೇಲೆ, ಎರಡನೇ ಮನೆಯ ತಂತಿಗಳ ಮೇಲೆ ಕೂರಿಸಿದ.

“ಇದು ಇ ಮೈನರ್. ಒಂದು ಕಾರ್ಡ್, ಸ್ವರಗಳ ಗುಂಪು. ಒತ್ತಿ.”

ಒತ್ತಿದಳು. ತಂತಿ ಬೆರಳಿನೊಳಗೆ ಇಳಿದಂತಾಯಿತು. ಬಲಗೈಯಿಂದ ಎಳೆದರೆ ಬಂದದ್ದು ಸ್ವರವಲ್ಲ, ಡಬ್ಬಿಯೊಳಗಿನ ನೊಣದ ಸದ್ದು.

“ಇನ್ನೂ ಒತ್ತಿ.”

“ನೋಯುತ್ತೆ.”

“ಒಂದೂವರೆ ಎರಡು ತಿಂಗಳು ನೋಯುತ್ತೆ ಮೇಡಂ. ಆಮೇಲೆ ಚರ್ಮ ಗಟ್ಟಿಯಾಗಿ ಜಡ್ಡು ಬೀಳುತ್ತೆ. ಜಡ್ಡು ಬಿದ್ಮೇಲೆ ಬೆರಳಿಗೆ ಏನೂ ಗೊತ್ತಾಗಲ್ಲ.”

“ಏನೂ ಗೊತ್ತಾಗಲ್ವಾ?”

“ಏನೂ.”

ಅದು ಅವಳ ಕಿವಿಗೆ ಒಳ್ಳೆಯ ಸುದ್ದಿಯಂತೆ ಬಿತ್ತು.

ಮಧ್ಯಾಹ್ನ ಮನೆಗೆ ಬಂದು ಪಾತ್ರೆ ತೊಳೆಯಲು ಕೂತಾಗ ಸಬೀನದ ಪುಡಿ ತಾಗಿ ಬೆರಳುಗಳು ಉರಿದವು. ಕೈ ಹಿಂದೆಗೆದದ್ದನ್ನು ದ್ಯಾವಮ್ಮ ನೋಡಿದರು.

“ಎಲ್ಲಿ, ತೋರ್ಸು.”

ಬೆರಳ ತುದಿಗಳಲ್ಲಿ ಕೆಂಪು ಗೆರೆ ಕೊರೆದಿತ್ತು. ದ್ಯಾವಮ್ಮ ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಸಂಜೆ ಏಳಕ್ಕೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಒಂದು ಬೋಗುಣಿಯಲ್ಲಿ ಬಿಸಿನೀರು, ಉಪ್ಪು, ಒಂದು ಸೌಟಿನಲ್ಲಿ ಕಾಯಿಸಿದ ಹರಳೆಣ್ಣೆ ತಂದು ಸೊಸೆಯ ಮುಂದೆ ಕೂತರು.

“ಕೊಡು ಕೈ.”

“ಪರವಾಗಿಲ್ಲ ಅತ್ತೆ.”

“ಕೊಡು ಅಂದೆ. ಇದು ಓದಿದ್ ಕೈ ಕಣವ್ವ. ಸೀಮೆಸುಣ್ಣ ಹಿಡಿಯೋ ಕೈ. ಇದಕ್ಕೆಲ್ಲ ಜಡ್ಡು ಬರಿಸ್ಕಬಾರ್ದು.”

ಕೈ ನೀರಿನಲ್ಲಿ ಕಾಲು ಗಂಟೆ ನೆನೆಯಿತು. ಆಮೇಲೆ ಒಂದೊಂದೇ ಬೆರಳಿಗೆ ಎಣ್ಣೆ. ದ್ಯಾವಮ್ಮನ ಹೆಬ್ಬೆರಳು ಉಪ್ಪುಕಾಗದದಷ್ಟು ಒರಟು. ಆದರೂ ತಿಕ್ಕುವುದು ಮೆತ್ತಗೆ. ಮದುವೆಯ ದಿನ ಹೊಸಿಲು ದಾಟಿಸುವಾಗ ಹಿಡಿದದ್ದು ಬಿಟ್ಟರೆ ಅತ್ತೆ ಅವಳ ಕೈ ಹಿಡಿದದ್ದೇ ಇಲ್ಲ. ಧನುಶ್ರೀ ಟಿವಿ ನೋಡುವವಳಂತೆ ಕೂತಳು. ದಿನದಲ್ಲಿ ಯಾರೂ ಏನೂ ಕೇಳದ ಹೊತ್ತು ಅದೊಂದೇ ಆಗಿತ್ತು. ಮಾರನೆಯ ದಿನವೂ ಏಳಕ್ಕೆ ತಾನಾಗಿಯೇ ಹೋಗಿ ಕೂತಳು. ಅದರ ಮಾರನೆಯ ದಿನವೂ.

ಹಾಗೆ ಡಿಸೆಂಬರ್ ಕಳೆಯಿತು. ಬೆಳಿಗ್ಗೆ ಐದೂವರೆಗೆ ಎದ್ದು ಹಿತ್ತಿಲ ಬಾಗಿಲಲ್ಲಿ ಅರ್ಧ ಗಂಟೆ, ಸಂಜೆ ಕುಕ್ಕರ್ ಇಟ್ಟು ಅಡುಗೆಮನೆಯಲ್ಲೇ ಅರ್ಧ ಗಂಟೆ. ಕುಕ್ಕರ್ ನಾಲ್ಕು ಸಲ ಕೂಗುವುದರೊಳಗೆ ಜಿಯಿಂದ ಸಿಗೆ, ಸಿಯಿಂದ ಡಿಗೆ ಎಷ್ಟು ಸಲ ಬೆರಳು ದಾಟಿತು ಎಂಬುದೇ ಲೆಕ್ಕ. ಅವರೆಕಾಯಿ ಬಂದ ಕಾಲ. ದ್ಯಾವಮ್ಮ ಸಿಪ್ಪೆ ಸುಲಿಯುತ್ತಾ ಎದುರಿಗೆ ಕೂತಿರುತ್ತಿದ್ದರು. ಪ್ರಜ್ಞಾ ಒಳಕೋಣೆಯಲ್ಲಿ ಹೋಂವರ್ಕ್ ಮಾಡುತ್ತಲೇ ಕೂಗುತ್ತಿದ್ದಳು, “ಅಮ್ಮ, ಮೂರನೇದು ತಪ್ಪು.”

“ನಿಂಗೆ ಹೆಂಗೆ ಗೊತ್ತಾಯ್ತು?”

“ನೊಣ ಬಂತಲ್ಲ.”

ಜನವರಿಯಲ್ಲಿ ಮನೆಯಲ್ಲಿ ಮೊದಲ ಜಗಳವಾಯಿತು. ಭಾನುವಾರ ಕೋಳಿ ಸಾರು ಆಗುವ ಮನೆ ಅದು. ಧನುಶ್ರೀ ಕಡೂರಿನಿಂದ ಬರುವುದು ಒಂದೂವರೆಗೆ. ಕೆಂಪರಾಜು ಹೊಟ್ಟೆ ಹಸಿದು ಬಾಗಿಲಲ್ಲಿ ನಿಂತಿದ್ದ.

“ವಾರಕ್ಕೊಂದಿನ ಮನೇಲಿರ್ತೀನಿ. ಅವತ್ತೂ ನಾನೇ ಈರುಳ್ಳಿ ಹೆಚ್ಚಬೇಕಾ?”

“ಹೆಚ್ಚಿದ್ರೆ ಏನಾಗುತ್ತೆ?”

“ಏನೂ ಆಗಲ್ಲ. ಆಫೀಸಲ್ಲಿ ಎಲ್ರಿಗೂ ಟೀ ಕೊಡೋನು ನಾನು. ಮನೇಲೂ ಅದೇ ಕೆಲ್ಸ.”

“ನಾನು ಮೋಜಿಗೆ ಹೋಗ್ತಿದೀನಾ ರೀ?”

“ನಾನು ಮೋಜು ಅಂದ್ನಾ? ಅದೇನೋ ನೀನು ಮಾತಾಡೋದೇ ಕಮ್ಮಿ ಆಗೋಗೈತೆ. ಬಂದ್ರೆ ಅದನ್ನ ತಬ್ಕಂಡು ಕೂತ್ಕತೀಯ. ಮನೇಲಿ ಇದೀಯೋ ಇಲ್ವೋ ಅಂತ ನೊಣದ ಸದ್ದು ಕೇಳಿ ತಿಳ್ಕಬೇಕು.”

“ಏ, ಸುಮ್ನಿರೋ,” ಅಂದರು ದ್ಯಾವಮ್ಮ ಒಳಗಿನಿಂದ. “ಮಾತು ಕಮ್ಮಿ ಆದ್ರೆ ಮನೆ ಉದ್ಧಾರ ಆಗ್ತದೆ. ಬಂದು ಈರುಳ್ಳಿ ಹೆಚ್ಚು.”

ಅವನು ಹೆಚ್ಚಿದ. ಧನುಶ್ರೀ ಉಡುಪು ಬದಲಾಯಿಸಿ ಬಂದು ಮಸಾಲೆ ರುಬ್ಬಿದಳು. ಊಟ ರುಚಿಯಾಗಿತ್ತು ಅಂತ ಧನುಶ್ರೀಗೆ ಪ್ರಜ್ಞಾ ಹೇಳಿದ್ದರಿಂದ ಗೊತ್ತಾಯಿತು.

ಫೆಬ್ರವರಿ ಮೊದಲ ಭಾನುವಾರ ತೀರ್ಥೇಶ್ ಎಫ್ ಕಾರ್ಡ್ ತೋರಿಸಿದ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ, ಉಳಿದ ಮೂರು ಬೆರಳನ್ನು ಮೂರು ಕಡೆ ನಿಲ್ಲಿಸಬೇಕು. “ಇದು ಬಾಗಿಲು ಮೇಡಂ. ಇದರ ಈಚೆ ಇರೋರು ಬಿಗಿನರ್. ಆಚೆ ಹೋದೋರು ಇಂಟರ್ಮೀಡಿಯೆಟ್. ಬಾಗಿಲಲ್ಲೇ ನಿಂತು ಮನೆಗೆ ವಾಪಸ್ ಹೋದೋರೇ ಜಾಸ್ತಿ.”

ಅವತ್ತು ಎಫ್ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಎರಡು ತಂತಿ ನುಡಿದರೆ ನಾಲ್ಕು ಸತ್ತಂತೆ ಇರುತ್ತಿದ್ದವು. ನೋವು ಮೊದಲ ದಿನದಷ್ಟೇ ಇತ್ತು.

“ಯಾಕೆ ಸಪ್ಪಗಿದೀಯ?” ಅಂದರು ದ್ಯಾವಮ್ಮ, ಊಟಕ್ಕೆ ಕೂತಾಗ.

“ಎಫ್ ಕಾರ್ಡ್ ಸಿಗ್ತಿಲ್ಲ ಅತ್ತೆ.”

“ಯಾಕಂತೆ? ನಮ್ದು ಬಿಪಿಎಲ್ಲು, ಕೊಡ್ಬೇಕಲ್ಲ.”

“ರೇಷನ್ ಕಾರ್ಡಲ್ಲ ಅಜ್ಜಿ,” ಅಂದಳು ಪ್ರಜ್ಞಾ.

“ಎಲ್ಲಾ ಒಂದೇಯ,” ಅಂದ ಕೆಂಪರಾಜು. “ಹೆಬ್ಬೆಟ್ಟು ಸರಿಯಾಗಿ ಕೂತಿಲ್ಲ, ಮಿಷನ್ ತಗಂತಿಲ್ಲ. ಅಷ್ಟೇಯ.”

ಪ್ರಜ್ಞಾ ನಗುತ್ತಾ ನೀರು ನೆತ್ತಿಗೇರಿಸಿಕೊಂಡಳು. ದ್ಯಾವಮ್ಮ ಮಾತ್ರ ನಗಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅವರ ಹೆಬ್ಬೆಟ್ಟು ಯಂತ್ರಕ್ಕೆ ಹತ್ತಿದ್ದೇ ಇಲ್ಲ. ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅಕ್ಕಿ ತರಲು ಯಾವಾಗಲೂ ಮಗನೇ ಹೋಗಬೇಕಿತ್ತು.

ಮೂರನೆಯ ಭಾನುವಾರ ತೀರ್ಥೇಶ್ ಅವಳ ಕೈಯಿಂದ ಗಿಟಾರ್ ತೆಗೆದು ಪಕ್ಕಕ್ಕಿಟ್ಟ.

“ಕೈ ತೋರಿಸಿ.”

ಮಕ್ಕಳೆಲ್ಲ ನೋಡುತ್ತಿದ್ದರು. ಅವನು ತನ್ನ ಬೆರಳ ತುದಿಯಿಂದ ಅವಳ ಬೆರಳ ತುದಿಯನ್ನು ಒತ್ತಿ ನೋಡಿದ.

“ಹನ್ನೊಂದು ವಾರ ಆಯ್ತು. ಈ ಮಗು ನೋಡಿ, ಐದು ವಾರಕ್ಕೇ ಗಟ್ಟಿ ಆಗಿದೆ. ನಿಮ್ದು ನಿನ್ನೆ ಶುರು ಮಾಡ್ದೋರ ಕೈ ಇದ್ದಂಗಿದೆ. ನಿಜ ಹೇಳಿ ಮೇಡಂ, ಮನೇಲಿ ಪ್ರಾಕ್ಟೀಸ್ ಮಾಡ್ತಿಲ್ಲ ಅಲ್ವಾ?”

“ದಿನಾ ಒಂದು ಗಂಟೆ ಮಾಡ್ತೀನಿ.”

“ಹಂಗಾದ್ರೆ ಕೈಗೆ ಏನು ಮಾಡ್ತೀರಿ?”

ಅವಳು ಹೇಳಿದಳು. ಬಿಸಿನೀರು, ಉಪ್ಪು, ಹರಳೆಣ್ಣೆ. ದಿನಾ ಸಂಜೆ ಏಳಕ್ಕೆ.

ತೀರ್ಥೇಶ್ ಅವಳ ಕೈ ಬಿಟ್ಟ. “ಹಗಲು ಕಟ್ಟಿದ ಗೋಡೆನ ಸಂಜೆ ಕೆಡವ್ತಿದೀರಿ. ಎಣ್ಣೆ ಬಿಡಿ. ನೆನೆಸೋದೂ ಬಿಡಿ. ಪಾತ್ರೆ ತೊಳೆಯೋದೂ ಆದ್ರೆ ಬೇರೆ ಯಾರಾದ್ರೂ ಮಾಡ್ಲಿ. ಎಫ್ ಆರು ತಂತಿ ಸರಿಯಾಗಿ ಬರದೆ ನಾನು ಆ ಕಾಗದಕ್ಕೆ ಸೈನ್ ಹಾಕಲ್ಲ. ಬೇಜಾರು ಮಾಡ್ಕೋಬೇಡಿ. ನಾಳೆ ನೀವು ಹತ್ತು ಮಕ್ಕಳಿಗೆ ಹೇಳ್ಕೊಡೋರು.”

ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಜೋಡಿಸಿದಳು. ಅತ್ತೆ, ಎಣ್ಣೆ ಹಚ್ಚುವುದರಿಂದ ಬೆರಳು ಗಟ್ಟಿಯಾಗುತ್ತಿಲ್ಲವಂತೆ. ಬೀರೂರು ದಾಟಿದ ಮೇಲೆ ಅದನ್ನು ಇನ್ನೂ ಮೆತ್ತಗೆ ಮಾಡಿದಳು. ತರೀಕೆರೆ ಬಂದಾಗ ಇನ್ನೂ ಮೆತ್ತಗೆ. ಸಂಜೆ ಏಳಕ್ಕೆ ದ್ಯಾವಮ್ಮ ಬೋಗುಣಿ ತಂದು ಕೂತಾಗ ಬಾಯಿಗೆ ಬಂದದ್ದು ಬೇರೆಯೇ.

“ಬೇಡ ಅತ್ತೆ. ಇನ್ಮೇಲೆ ಬೇಡ.”

“ಯಾಕೆ?”

“ಎಣ್ಣೆಯಿಂದಾನೇ ನನಗೆ ಬರ್ತಿಲ್ಲ. ಹನ್ನೊಂದು ವಾರ ವೇಸ್ಟ್ ಆಯ್ತು. ಜಡ್ಡು ಬೀಳ್ಬೇಕಂತೆ.”

“ಬೀಳ್ಬೇಕಂತೆ?”

“ಹೌದು. ಬೀಳ್ಬೇಕು.”

ದ್ಯಾವಮ್ಮ ಸೌಟಿನಲ್ಲಿದ್ದ ಎಣ್ಣೆಯನ್ನು ನೋಡಿದರು. ಅದನ್ನು ಮತ್ತೆ ಸೀಸೆಗೆ ಸುರಿಯಲಿಲ್ಲ, ಹಿತ್ತಿಲಿಗೆ ಹೋಗಿ ಬಾಳೆಯ ಬುಡಕ್ಕೆ ಚೆಲ್ಲಿ ಬಂದರು.

ಅವತ್ತಿನಿಂದ ಅವರು ಸೊಸೆಯ ಜೊತೆ ಮಾತು ಬಿಟ್ಟರು. ಜಗಳವಲ್ಲ, ಮುನಿಸಿನ ಪಾತ್ರೆ ಕುಕ್ಕುವಿಕೆಯೂ ಇಲ್ಲ. ಕೆಲಸ ಎಲ್ಲ ಮೊದಲಿನಂತೆಯೇ ನಡೆಯಿತು. ಹೇಳದೆಯೇ ಪಾತ್ರೆ ತೊಳೆಯುವುದನ್ನೂ ಅವರೇ ತೆಗೆದುಕೊಂಡರು. ಏನಾದರೂ ಹೇಳಬೇಕಾದರೆ ಪ್ರಜ್ಞಾಳ ಮೂಲಕ. “ನಿಮ್ಮಮ್ಮಂಗೆ ಹೇಳು, ಹಾಲು ಬಂದೈತೆ ಅಂತ.” ಹಾಲಿನ ಪಾತ್ರೆ ಅಮ್ಮನ ಕಣ್ಣೆದುರೇ ಇರುತ್ತಿತ್ತು.

“ಅವ್ವಂಗೆ ಏನಂದೆ?” ಅಂತ ಕೆಂಪರಾಜು ಕೇಳಿದ.

“ಎಣ್ಣೆ ಬೇಡ ಅಂದೆ.”

“ಅಷ್ಟಕ್ಕೇನಾ?”

“ಅಷ್ಟಕ್ಕೇ.”

“ಹಚ್ಚಿಸ್ಕಂಡು ಹೋಗಿ ಸೋಪಲ್ಲಿ ತೊಳ್ಕೋಬೇಕಿತ್ತು. ನಾನು ಆಫೀಸಲ್ಲಿ ಎಲ್ಲಾದಕ್ಕೂ ಹೂಂ ಅಂತೀನಿ. ಮಾಡೋದು ಬೇರೆ.”

“ಅವ್ರು ನಿಮ್ಮ ಸಾಹೇಬ್ರಲ್ಲ, ನಿಮ್ಮವ್ವ.”

“ಅದಕ್ಕೇ ಹೇಳಿದ್ದು. ಸಾಹೇಬ್ರಾದ್ರೆ ಟ್ರಾನ್ಸ್‌ಫರ್ ಆಯ್ತಾರೆ.”

ಮೂರು ವಾರದಲ್ಲಿ ಧನುಶ್ರೀಯ ಬೆರಳ ತುದಿಗಳು ಮೊದಲು ಸಿಪ್ಪೆ ಎದ್ದವು, ಆಮೇಲೆ ಹೊಳೆಯತೊಡಗಿದವು. ಒಂದು ಬೆಳಿಗ್ಗೆ ಒಲೆಯ ಮೇಲಿನ ಕಾವಲಿಯ ಅಂಚಿಗೆ ಎಡಗೈ ಬೆರಳ ತುದಿ ತಾಗಿದ್ದು ಅವಳಿಗೆ ಗೊತ್ತಾಗಲಿಲ್ಲ. ವಾಸನೆ ಬಂದ ಮೇಲೆ ನೋಡಿಕೊಂಡಳು. ಎಫ್‌ನಲ್ಲಿ ಈಗ ಐದು ತಂತಿ ನುಡಿಯುತ್ತಿದ್ದವು. ಖುಷಿಯಾಗಬೇಕಿತ್ತು. ಅದನ್ನೂ ಕಾದಳು. ಬರಲಿಲ್ಲ. ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗೀಟು ಹಾಕಿದಳು.

ಮಾರ್ಚ್ ಎರಡನೇ ಶನಿವಾರ ಶಾಲೆಗೆ ರಜೆ. ಮಧ್ಯಾಹ್ನ ಊಟಕ್ಕೆ ಕರೆದರೆ ಪ್ರಜ್ಞಾ ಏಳಲಿಲ್ಲ. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಮುದುರಿಕೊಂಡು ಮಲಗಿದ್ದಳು.

“ಅಮ್ಮ, ಚಳಿ.”

ಧನುಶ್ರೀ ತೊಡೆಯ ಮೇಲಿದ್ದ ಗಿಟಾರನ್ನು ಬಲಗೈಯಲ್ಲಿ ಹಿಡಿದುಕೊಂಡೇ ಬಾಗಿ ಎಡಗೈ ಬೆರಳ ತುದಿಗಳನ್ನು ಮಗಳ ಹಣೆಗೆ ಇಟ್ಟಳು.

“ಏನೂ ಇಲ್ಲ. ಮೈ ಬೆಚ್ಚಗೂ ಇಲ್ಲ. ಎದ್ದು ಊಟ ಮಾಡು.”

“ಆ ಕೈ ಬ್ಯಾಡ.”

ದ್ಯಾವಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸುಮಾರು ನಾಲ್ಕು ವಾರದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

“ಈ ಕೈ ಇಡು. ಬಲಗೈ.”

ಧನುಶ್ರೀ ಗಿಟಾರ್ ಕೆಳಗಿಟ್ಟು ಬಲಗೈ ಇಟ್ಟಳು. ಹಣೆ ಸುಡುತ್ತಿತ್ತು. ಕೈ ತೆಗೆದು ಮತ್ತೆ ಎಡಗೈ ಬೆರಳ ತುದಿ ಇಟ್ಟಳು. ಏನೂ ಇರಲಿಲ್ಲ. ಗೋಡೆ ಮುಟ್ಟಿದ ಹಾಗಿತ್ತು.

ದ್ಯಾವಮ್ಮ ಬಂದು ಕೂತು, ಬಾಗಿ, ತಮ್ಮ ಕೆನ್ನೆಯನ್ನು ಮೊಮ್ಮಗಳ ಹಣೆಗೆ ಒತ್ತಿದರು. ಈ ಮನೆಯಲ್ಲಿ ಅವರು ಜ್ವರ ನೋಡುತ್ತಿದ್ದದ್ದೇ ಹಾಗೆ. ಅದು ಮುದ್ದು ಮಾಡುವ ರೀತಿ ಎಂದು ಧನುಶ್ರೀ ಹದಿಮೂರು ವರ್ಷ ತಿಳಿದಿದ್ದಳು.

“ನೂರರ ಮೇಲೈತೆ. ಬಟ್ಟೆ ಒದ್ದೆ ಮಾಡ್ಕಂಬಾ.”

ಮಾತ್ರೆ ಕೊಟ್ಟರು. ಹಣೆಗೆ ಒದ್ದೆ ಬಟ್ಟೆ ಹಾಕಿದರು. ಬಟ್ಟೆ ಬಿಸಿಯಾಗುವುದು, ಬದಲಾಯಿಸುವುದು. ಪ್ರಜ್ಞಾ ನಿದ್ದೆ ಹೋದ ಮೇಲೆ ದ್ಯಾವಮ್ಮ ಬಟ್ಟೆ ಹಿಂಡುತ್ತಾ ಹೇಳಿದರು. ಸಾರಿಗೆ ಉಪ್ಪು ಹಾಕಿದ್ದೀನಿ ಎಂದು ಹೇಳುವ ದನಿಯಲ್ಲಿಯೇ.

“ಕೆಂಪರಾಜಂಗಿಂತ ಮುಂಚೆ ಒಂದು ಹೆಣ್ಣು ಕೂಸಿತ್ತು.”

“ಇತ್ತು ಅಂತ ಅವ್ರು ಒಂದ್ಸಲ ಹೇಳಿದ್ರು. ಜ್ವರ ಬಂದು ಹೋಯ್ತು ಅಂತ.”

“ಅವ್ನಿಗೆ ಅಷ್ಟೇ ಗೊತ್ತು. ಅಜ್ಜಂಪುರದ ದಾರೀಲಿ ಜಲ್ಲಿ ಒಡೀತಿದ್ವಿ, ನಾನು ನಿಮ್ಮಾವ. ಕೂಸು ಹುಣಸೆಮರದ ನೆಳ್ಳಲ್ಲಿ ಮಲಗಿತ್ತು. ಮಧ್ಯಾಹ್ನ ಹೋಗಿ ಹಣೆ ಮುಟ್ದೆ. ಸುಮ್ನೆ ಮಲಗೈತೆ ಅಂದ್ಕಂಡೆ. ಇನ್ನೊಂದು ಗುಡ್ಡೆ ಒಡ್ದು ಬಂದು ಮುಟ್ದೆ. ಕೈಗೆ ಏನೂ ತಿಳೀಲಿಲ್ಲ ಕಣವ್ವ. ಸುತ್ತಿಗೆ ಹಿಡ್ದು ಹಿಡ್ದು ಏಳು ವರ್ಷ ಆಗಿತ್ತು. ಸಂಜೆ ಪಕ್ಕದ ಹೆಂಗ್ಸು ಎತ್ಕಂಡು, ಏನೇ ದ್ಯಾವಿ, ಕೂಸು ಕೆಂಡ ಆಗೈತಲ್ಲೇ ಅಂದ್ಲು. ತರೀಕೆರೆಗೆ ಎತ್ಕಂಬರೋ ಹೊತ್ಗೆ ಮುಗ್ದೋಗಿತ್ತು.”

ಧನುಶ್ರೀ ಬಟ್ಟೆಯನ್ನು ನೀರಿಗದ್ದಿದಳು.

“ಹೆಸರೇನಿತ್ತು ಅತ್ತೆ?”

“ಪುಟ್ಟಿ ಅಂತಿದ್ವಿ. ಹೆಸ್ರು ಇನ್ನೂ ಇಡಾದಿತ್ತು.”

ಹೊರಗೆ ಯಾರೋ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಹೋದರು. ಪ್ರಜ್ಞಾ ಮಗ್ಗುಲು ಬದಲಿಸಿದಳು, ಧನುಶ್ರೀ ಹಿಂಡಿದ ಬಟ್ಟೆಯನ್ನು ಅವಳ ಹಣೆಗೆ ಹಾಕಿದಳು.

“ನಾನು ಬಿಟ್ಬಿಡ್ಲಾ ಅತ್ತೆ ಇದನ್ನ?”

“ಬಿಟ್ರೆ ಮಗೀನ ಸ್ಕೂಲು?”

ಧನುಶ್ರೀ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದಳು.

“ಎಷ್ಟು ದಿನ ಐತೆ?”

“ಹದಿನೇಳು.”

“ಹೂಂ,” ಅಂದರು ದ್ಯಾವಮ್ಮ. “ಗೀಟು ಹಾಕೋದು ನಂಗೂ ಕಾಣ್ತದೆ. ಹೋಗಿ ಬಾಗ್ಲಲ್ಲಿ ಕೂತ್ಕಂಡು ನುಡಿಸು. ಇಲ್ಲಿ ಬ್ಯಾಡ, ಮಗು ಏಳ್ತದೆ. ಬಟ್ಟೆ ನಾನು ನೋಡ್ಕತೀನಿ.”

ಪ್ರಜ್ಞಾಳ ಜ್ವರ ಸೋಮವಾರಕ್ಕೆ ಇಳಿಯಿತು. ಆಮೇಲೆ ಮನೆಯಲ್ಲಿ ಯಾರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಕೆಂಪರಾಜುವಿಗೆ ಹೇಳಬೇಕೋ ಬೇಡವೋ ಎಂದು ಧನುಶ್ರೀ ಎರಡು ದಿನ ತೂಗಿದಳು, ಹೇಳಲಿಲ್ಲ. ಅವನು ಮಾತ್ರ ಭಾನುವಾರ ಕೇಳದೆಯೇ ಈರುಳ್ಳಿ ಹೆಚ್ಚಿಟ್ಟಿದ್ದ, ಬಹಳ ದಪ್ಪಗೆ.

ತಿಂಗಳ ಕೊನೆಯ ಭಾನುವಾರ ತೀರ್ಥೇಶ್ ಮಕ್ಕಳನ್ನು ಕಳಿಸಿ ಅವಳೊಬ್ಬಳನ್ನೇ ಕೂರಿಸಿದ. ಸಿ, ಎಫ್, ಜಿ, ಮತ್ತೆ ಸಿ. ನಿಲ್ಲಿಸದೆ ಇಪ್ಪತ್ತು ಸುತ್ತು. ಅವನು ಕೈ ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಮೋಟಾರಿನ ಸದ್ದಿನಲ್ಲಿ ದೋಷ ಹುಡುಕುವವನಂತೆ ಕಿವಿ ಕೊಟ್ಟ.

“ಎರಡನೇ ತಂತಿ ಸತ್ತಿದೆ. ಮೊದಲಿಂದ.”

ಮೊದಲಿಂದ ನುಡಿಸಿದಳು.

“ಒಂಬತ್ತನೇ ಸುತ್ತಲ್ಲಿ ತಡವರಿಸಿದ್ರಿ. ಮೊದಲಿಂದ.”

ಮೂರನೆಯ ಸಲ ಇಪ್ಪತ್ತೂ ಮುಗಿದವು. ಕೆಳಗೆ ಕೊಬ್ಬರಿ ಚೀಲ ಎಳೆಯುವ ಸದ್ದು ಕೇಳಿಸಿತು. ತೀರ್ಥೇಶ್ ಜೇಬಿನಿಂದ ಒಂದು ಹಾಳೆ ತೆಗೆದು, ತಿರುಗಿಸಿ, ಹಿಂಬದಿಯಲ್ಲಿ ನಿಧಾನವಾಗಿ ಬರೆದು ಸಹಿ ಹಾಕಿದ. ಮುಂಬದಿಯಲ್ಲಿ ಅವನ ಅಂಗಡಿಯ ಹೆಸರು, ಎಲ್ಲಾ ತರಹದ ಮೋಟಾರ್‌ಗಳನ್ನು ರಿವೈಂಡಿಂಗ್ ಮಾಡಿಕೊಡಲಾಗುವುದು ಎಂದು ಅಚ್ಚಾಗಿತ್ತು.

“ನನ್ನ ಹತ್ರ ಇರೋದು ಇದೇ ಕಾಗದ ಮೇಡಂ.”

“ಸಾಕು,” ಅಂದಳು ಅವಳು.

“ಜೂನ್‌ನಲ್ಲಿ ಮಕ್ಕಳು ನೋಯುತ್ತೆ ಅಂತಾರೆ. ಆಗ ಏನು ಹೇಳ್ತೀರಿ?”

ಅವಳು ಯೋಚಿಸಿದಳು. “ಯಾವ ಕೈ ನೋಯುತ್ತೆ ಅಂತ ಕೇಳ್ತೀನಿ. ಇನ್ನೊಂದು ಕೈನ ಚೆನ್ನಾಗಿಟ್ಕೊಳ್ಳಿ ಅಂತೀನಿ.”

ತೀರ್ಥೇಶ್‌ಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದ.

ಮಾರನೆಯ ದಿನ ಷಡಕ್ಷರಿಯವರು ಕಾಗದವನ್ನು ದೂರ ಹಿಡಿದು ಓದಿದರು. “ಇದೇನು ಮೇಡಂ, ಪಂಪ್‌ಸೆಟ್ಟು?”

“ಹಿಂದೆ ನೋಡಿ ಸರ್.”

ಹಿಂದೆ ನೋಡಿದರು. ಫೈಲಿಗೆ ಸೇರಿಸಿದರು. “ಜೂನ್‌ನಿಂದ ವಾರಕ್ಕೆ ಹನ್ನೆರಡು ಪೀರಿಯಡ್. ಪ್ರಾರ್ಥನೆಗೂ ನೀವೇ. ಐದರಲ್ಲಿ ಒಂದು ಗಿಟಾರ್ ನಿಮ್ಮ ಹತ್ರಾನೇ ಇದೆ ಅಲ್ವಾ? ರಿಜಿಸ್ಟರಲ್ಲಿ ಸಹಿ ಮಾಡ್ಬಿಡಿ.”

ಸಹಿ ಮಾಡಿದಳು. ಐದನೇ ತರಗತಿಯ ಕಿಟಕಿಯಲ್ಲಿ ಪ್ರಜ್ಞಾಳ ಜಡೆ ಕಾಣಿಸುತ್ತಿತ್ತು. ಅದನ್ನು ನೋಡಿಕೊಂಡು ಸ್ಟಾಫ್ ರೂಮಿಗೆ ಹೋದಳು.

ಸಂಜೆ ಮನೆಗೆ ಬಂದಾಗ ದ್ಯಾವಮ್ಮ ಹಿತ್ತಿಲ ಬಾಗಿಲಲ್ಲಿ ಕೂತಿದ್ದರು.

“ಏನಾಯ್ತು?”

“ಆಯ್ತು ಅತ್ತೆ. ಇರ್ಬೋದಂತೆ.”

“ಮಗೂನೂ?”

“ಮಗೂನೂ.”

ದ್ಯಾವಮ್ಮ ಎದ್ದು ಒಳಗೆ ಹೋದರು. ಮುದ್ದೆಗೆ ಎಸರಿಡುವ ಸದ್ದು, ಡಬ್ಬಿ ಮುಚ್ಚಳದ ಸದ್ದು. ಏಳು ಗಂಟೆಗೆ ಧಾರಾವಾಹಿಯ ಹಾಡು ಶುರುವಾದಾಗ ಸೌಟು ಹಿಡಿದು ಬಂದು ಸೊಸೆಯ ಮುಂದೆ ಕೂತರು. ಹರಳೆಣ್ಣೆಯ ವಾಸನೆ ನಡುಮನೆ ತುಂಬಿತು. ಧನುಶ್ರೀ ಎಡಗೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

“ಕೊಡು. ಎಣ್ಣೆ ಹಚ್ಚಲ್ಲ. ನೋಡ್ತೀನಿ.”

ಕೊಟ್ಟಳು. ದ್ಯಾವಮ್ಮ ಹೆಬ್ಬೆರಳಿನಿಂದ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮತ್ತೆ ಒತ್ತಿದರು. ಅವರ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಹೆಬ್ಬೆರಳಿಗೂ ಏನೂ ಗೊತ್ತಾಗಿರಲಿಲ್ಲ. ಹನ್ನೊಂದು ವಾರ ಎಣ್ಣೆ ತಿಕ್ಕಿದಾಗಲೂ ಈ ಕೈಗೆ ಆ ಬೆರಳುಗಳು ಮೆತ್ತಗಿವೆಯೋ ಗಟ್ಟಿಯಾದವೋ ಎಂದು ತಿಳಿದಿರಲಿಲ್ಲ ಎಂಬುದು ಧನುಶ್ರೀಗೆ ಆಗ ಹೊಳೆಯಿತು. ಕತ್ತಲಲ್ಲಿ ಪಾತ್ರೆ ತೊಳೆಯುವವರಂತೆ ತಿಕ್ಕಿದ್ದರು.

ದ್ಯಾವಮ್ಮ ಸೊಸೆಯ ನಾಲ್ಕು ಬೆರಳುಗಳನ್ನು ಎತ್ತಿ ತಮ್ಮ ಕೆನ್ನೆಗೆ ಒತ್ತಿಕೊಂಡರು. ಜ್ವರ ನೋಡುವ ಹಾಗೆ, ಕಣ್ಣು ಮುಚ್ಚಿಕೊಂಡು.

“ಗಟ್ಟಿ ಆಗೈತೆ,” ಅಂದರು.

ಪ್ರಜ್ಞಾ ಪುಸ್ತಕದಿಂದ ತಲೆಯೆತ್ತಿ ನೋಡಿ ಮತ್ತೆ ಬಗ್ಗಿಸಿದಳು. ದ್ಯಾವಮ್ಮ ಆ ಕೈಯನ್ನು ಹುಷಾರಾಗಿ ಸೊಸೆಯ ಮಡಿಲಿಗೆ ವಾಪಸ್ ಇಟ್ಟರು.

“ಹಿಂಗ್ ತಿರುಗ್ಕಂಡು ಕೂತ್ಕಾ. ಬಲಗೈ ಕೊಡು.”

ಧನುಶ್ರೀ ತಿರುಗಿ ಕೂತು ಬಲಗೈ ಚಾಚಿದಳು. ಬಿಸಿ ಎಣ್ಣೆ ಅಂಗೈ ಮೇಲೆ ಬಿತ್ತು. ಅದು ಗೊತ್ತಾಯಿತು.